ಮುಖ ಊದಿಸು

ನಿಘಂಟಿನ ಕೆಲಸ ‘ಮೀ’ ಮುಗಿಸಿಕೊಂಡು ‘ಮು’ಗೆ ಬಂದದ್ದು ಯಾರ ಕುತಂತ್ರವೂ ಅಲ್ಲ, ಅಕ್ಷರಗಳ ಸಾಲೇ ಹಾಗೆ, ಎಂದು ಅವಳು ತನಗೆ ತಾನೇ ಮೂರು ಸಲ ಹೇಳಿಕೊಂಡಳು. ಮೂರನೆಯ ಸಲ ಹೇಳಿಕೊಳ್ಳುವಾಗ, ಇಷ್ಟೊಂದು ಸಮಾಧಾನ ಮಾಡಿಕೊಳ್ಳಬೇಕಾಗಿ ಬಂದಿದೆ ಅಂದರೆ ಒಳಗೆ ಏನೋ ಇದ್ದೇ ಇದೆ ಅನ್ನಿಸಿತು. ಕರಡು ತಿದ್ದುವ ಮೇಜುಗಳು ಆ ಕೋಣೆಯಲ್ಲಿ ಮೂರಿದ್ದವು. ಈ ಕಟ್ಟು ಕಿಟಕಿಯ ಹತ್ತಿರದ ಮೇಜಿಗೆ ಹೋಗಬಹುದಿತ್ತು, ಬಾಗಿಲ ಹತ್ತಿರದ ಮೇಜಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮುಕ್ಕಳಿಸು, ಮುಕ್ಕು, ಮುಕ್ತಾಯ ಎಂದು ಸಾಧುವಾಗಿ ಶುರುವಾಗಿ, ಆಮೇಲೆ ಮುಖ, ಮುಖ ಉಬ್ಬಿಸು, ಮುಖ ಊದಿಸು, ಮುಖ ಕೆಡಿಸು, ಮುಖ ತಪ್ಪಿಸು, ಮುಖ ಮುಚ್ಚು, ಮುಖಭಂಗ, ಮುಖವಾಡ ಎಂದು ಹನ್ನೊಂದು ಪುಟ ಬರೀ ಮುಖವೇ ಇದ್ದ ಆ ಕಟ್ಟು ನಡುವಿನ ಮೇಜಿಗೆ, ಅಂದರೆ ಅವಳ ಮೇಜಿಗೆ, ಅಂದರೆ ಏಳು ತಿಂಗಳ ಹಿಂದೆ ತನ್ನದೇ ತೊಡೆಯ ಕೊಬ್ಬನ್ನು ತೆಗೆಸಿ ತನ್ನದೇ ಕೆನ್ನೆಗಳಿಗೆ ತುಂಬಿಸಿಕೊಂಡು, ಅದು ಅಳತೆ ಮೀರಿ ಉಳಿದುಬಿಟ್ಟ ಹೆಂಗಸಿನ ಮೇಜಿಗೇ ಬಂದು ಕೂತಿತ್ತು. ಹಂಚುವ ಕೆಲಸ ಸಂಪಾದಕರದು. ಬೆಳಿಗ್ಗೆ ಕಟ್ಟು ಇಟ್ಟು ಹೋಗುವಾಗ ಅವರು ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಯಾಕೆ ನೋಡಿದರು ಅನ್ನಿಸುತ್ತಿತ್ತು. ಈಗ ಯಾಕೆ ನೋಡಲಿಲ್ಲ ಅನ್ನಿಸುತ್ತಿತ್ತು.

ಕೆನ್ನೆಗಳ ವಿಷಯ ಗೊತ್ತಿದ್ದದ್ದು ಹೇಳಿಕೊಳ್ಳೋಕೆ ಗಂಡನೊಬ್ಬನಿಗೆ. ಆದರೆ ಗೊತ್ತಿಲ್ಲದವರು ಯಾರು ಎಂದು ಅವಳು ದಿನಾ ಹುಡುಕುತ್ತಿದ್ದಳು. ಗೇಟಿನ ಕಾವಲುಗಾರ, “ಮೇಡಂ, ಈ ಕಾರ್ಡು ಹೊಸದು ಮಾಡಿಸಿಬಿಡಿ” ಎಂದಿದ್ದ. ಕಾರ್ಡಿನ ಅಂಚು ಕಿತ್ತುಹೋಗಿತ್ತು, ನಿಜ. ಆದರೆ ಅವನು ಹೇಳಿದ್ದು ಅಂಚಿನ ಮಾತಲ್ಲ, ಫೋಟೋದ ಮಾತು ಎಂದು ಮೆಟ್ಟಿಲು ಹತ್ತುವಾಗ ಹೊಳೆದು, ಅರ್ಧದಲ್ಲಿ ನಿಂತು, ವಾಪಸು ಹೋಗಿ ಕೇಳಿಯೇಬಿಡಬೇಕು ಅನ್ನಿಸಿ, ಏನಂತ ಕೇಳುವುದು ಎಂದು ಮತ್ತೆ ಹತ್ತಿದ್ದಳು. ಪಕ್ಕದ ಮನೆಯಾಕೆ, “ಈಗ ಮುಖ ತುಂಬಿಕೊಂಡಿದೆ ನೋಡಿ, ಲಕ್ಷಣವಾಗಿದೆ” ಎಂದಿದ್ದಳು. ತುಂಬಿಕೊಂಡಿದೆಯಂತೆ. ತಾನಾಗಿ ತುಂಬಿಕೊಂಡದ್ದೋ, ಯಾರಿಂದಲೋ ತುಂಬಿಸಿಕೊಂಡದ್ದೋ? ಕ್ರಿಯಾಪದದ ಬಾಲದಲ್ಲೇ ಎಲ್ಲ ಇರುತ್ತದೆ, ಹದಿನಾರು ವರ್ಷದಿಂದ ಆ ಬಾಲಗಳನ್ನೇ ನೋಡಿ ನೋಡಿ ಕಣ್ಣು ಸವೆಸಿಕೊಂಡವಳಿಗೆ ಅಂಥ ಮಾತು ಸುಮ್ಮನೆ ದಾಟಿಹೋಗುವುದಿಲ್ಲ. ಮೊದಲನೆಯ ಡಾಕ್ಟರು ಎಷ್ಟು ಸಲೀಸಾಗಿ ಹೇಳಿದ್ದರು! “ಹಾಕಿದ್ದರಲ್ಲಿ ಒಂದು ಪಾಲು ಕರಗಿಹೋಗುತ್ತೆ, ಅದಕ್ಕೇ ನಾವು ಸ್ವಲ್ಪ ಕೈ ಬಿಚ್ಚೇ ಹಾಕ್ತೀವಿ.” ಕೈ ಬಿಚ್ಚಿ ಹಾಕಿದರು, ಆಮೇಲೆ ಕೈ ಬಿಟ್ಟರು. ಅವಳ ಮೈಯಲ್ಲಿ ಯಾವುದೂ ಸುಲಭಕ್ಕೆ ಕರಗುವುದಿಲ್ಲ; ಕೊಬ್ಬೂ ಅಷ್ಟೆ, ಮಾತೂ ಅಷ್ಟೆ. ಊತ ಇಳಿಯಲಿ ಅಂದರು, ತಿಂಗಳಾಯಿತು. ಇನ್ನೂ ಇಳಿಯಲಿ ಅಂದರು, ಮೂರು ತಿಂಗಳಾಯಿತು. ಆರನೆಯ ತಿಂಗಳು ಹೋದಾಗ ಕನ್ನಡಕ ತೆಗೆದಿಟ್ಟು, “ಚೆನ್ನಾಗೇ ಇದೆಯಲ್ಲಮ್ಮಾ” ಎಂದರು. ಕನ್ನಡಕ ತೆಗೆದು ನೋಡಿದರೆ ಯಾವುದು ತಾನೇ ಚೆನ್ನಾಗಿರುವುದಿಲ್ಲ. ನಕ್ಕರೆ ಕೆನ್ನೆ ಎರಡೂ ಎದ್ದು ಬಂದು ಕಣ್ಣನ್ನು ಮುಚ್ಚುತ್ತಿದ್ದವು. ಕಣ್ಣಿನ ಕೆಳಗೆ ಬದುವಿನ ಹಾಗೆ ಒಂದು ಗೆರೆ ಎದ್ದಿತ್ತು. ಹಾಗಾಗಿ ಅವಳು ನಗುವುದನ್ನೇ ಬಿಟ್ಟಿದ್ದಳು.

ಎರಡನೆಯ ಡಾಕ್ಟರು ಹೆಂಗಸು. ಹೋದ ತಿಂಗಳು ಅವರು ಹೆಬ್ಬೆರಳಿನಿಂದ ಅವಳ ಕೆನ್ನೆ ಒತ್ತಿ, ಬಿಟ್ಟು, ಮತ್ತೆ ಒತ್ತಿ, “ನಗಿ” ಅಂದರು. ಅವಳು ನಗಲಿಲ್ಲ, ತುಟಿ ಅಗಲಿಸಿದಳು. “ಬೇರೆಯವರು ತುಂಬೋ ಜೆಲ್ ಆಗಿದ್ರೆ ಒಂದು ಇಂಜೆಕ್ಷನ್ನಿಗೆ ಕರಗಿಸಬಹುದಿತ್ತು. ಇದು ನಿಮ್ಮದೇ ಕೊಬ್ಬು, ಜೀವ ಹಿಡಿದು ಕೂತಿದೆ. ನೀವು ದಪ್ಪ ಆದ್ರೆ ಅದೂ ದಪ್ಪ ಆಗುತ್ತೆ. ಸಣ್ಣ ಕೊಳವೆ ಹಾಕಿ ಹೀರಿ ತೆಗೀಬೇಕು, ಅದೂ ಸ್ವಲ್ಪ ಸ್ವಲ್ಪ. ಆಸೆಬಿದ್ದು ತೆಗೆದ್ರೆ ಗುಂಡಿ ಬೀಳುತ್ತೆ.” ಮೊದಲಿನ ಹಾಗೇ ಆಗುತ್ತಾ ಎಂದು ಕೇಳಿದ್ದಕ್ಕೆ, “ಆಗುತ್ತೆ ಅಂತ ಹೇಳಲ್ಲ. ಹತ್ತಿರ ಬರುತ್ತೆ” ಎಂದರು. ಇಷ್ಟು ನಿಜ ಹೇಳುವವರು ಇನ್ನೇನನ್ನೋ ಮುಚ್ಚಿಟ್ಟಿರಬೇಕು ಎಂದು ಅವಳಿಗೆ ಅಲ್ಲಿಯೇ ಅನುಮಾನ ಹತ್ತಿತು. ಹಳೆಯ ಫೋಟೋ ಕೇಳಿದರು. ಕಾರ್ಡಿನದು ಉಗುರಷ್ಟು ಚಿಕ್ಕದು, ಅದು ಬಿಟ್ಟರೆ ಅವಳ ಹತ್ತಿರ ಇದ್ದದ್ದು ಕಚೇರಿಯ ಗುಂಪಿನ ಫೋಟೋ ಒಂದೇ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಬೆರಳನ್ನು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಆಡಿಸಿ, “ಇದರಲ್ಲಿ ನೀವು ಯಾರು?” ಎಂದು ಕೇಳಿದರು. ಆ ಬೆರಳು ಅವಳ ತಲೆಯನ್ನು ದಾಟಿಕೊಂಡೇ ಹೋಗಿತ್ತು. ಆಮೇಲೆ ಅವರು ದಿನ ಗೊತ್ತು ಮಾಡಿ, ಜೊತೆಗೆ ಒಬ್ಬರು ಬರಬೇಕು, ಫಾರಂಗೆ ಸಹಿ ಹಾಕಿ ಮುಗಿಯುವ ತನಕ ಕೂತಿರಬೇಕು, ಯಾರೂ ಇಲ್ಲದೆ ನಾವು ಮುಟ್ಟುವುದಿಲ್ಲ, ಎಂದರು. ಗೊತ್ತು ಮಾಡಿದ ಆ ದಿನ ನಾಳೆ.

ಗಂಡ ಬರುವುದಿಲ್ಲ. ಅವನು ಕಾರು ಓಡಿಸುವುದನ್ನು ಕಲಿಸುವವನು. ದಿನಕ್ಕೆ ಹತ್ತು ಜನರ ಪಕ್ಕ ಕೂತು “ಕನ್ನಡಿ ನೋಡಿ, ಕನ್ನಡಿ ನೋಡಿ” ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡು ಬರುತ್ತಾನೆ, ಮನೆಗೆ ಬಂದರೆ ಹೆಂಡತಿಯ ಮುಖ ನೋಡುವುದಿಲ್ಲ. ಮೊದಲ ಸಲ ಸಹಿ ಹಾಕಿದ್ದು ಅವನೇ. ಇವತ್ತು ಬೆಳಿಗ್ಗೆ ಬೂಟಿನ ಲಾಡಿ ಕಟ್ಟುತ್ತಾ, ನೆಲ ನೋಡಿಕೊಂಡೇ, “ಒಂದು ಸಲ ಸಹಿ ಹಾಕಿ ಅನುಭವಿಸ್ತಾ ಇದೀನಿ. ಇನ್ನೊಂದು ಸಲ ನನ್ನ ಕೈಲಾಗಲ್ಲ. ಹಾಗೇ ಇರು, ಏನಾಗಿದೆ ಈಗ?” ಎಂದ. ಅನುಭವಿಸುತ್ತಿರುವುದು ಅವನಂತೆ! ಸಿಟ್ಟು ನೆತ್ತಿಗೇರಿತು, ಆದರೆ ಅವನ ಕೈ ಲಾಡಿಯ ಗಂಟು ಹಾಕಲಾರದೆ ಎರಡು ಸಲ ತಪ್ಪಿದ್ದನ್ನು ನೋಡಿ ಸುಮ್ಮನಾದಳು. ಸುಮ್ಮನಾದದ್ದಕ್ಕೆ ಅವನು ತಲೆ ಎತ್ತಿ, “ನೋಡು, ಮತ್ತೆ ಮುಖ ಊದಿಸಿಕೊಂಡೆ” ಎಂದ. ಆ ಮಾತನ್ನು ಅವನು ಬೇಕೆಂದೇ ಆಡಿದನೋ, ಬಾಯಿಗೆ ಬಂದದ್ದನ್ನು ಆಡಿದನೋ ಎಂದು ಯೋಚಿಸುತ್ತಾ ಅವಳು ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಒಂದು ಸ್ಟಾಪು ಮುಂದೆ ಹೋಗಿದ್ದಳು.

ಇನ್ನು ಉಳಿದದ್ದು ಓದಕ್ಕ. ಓದಕ್ಕ ಎಂದರೆ ಅವಳ ಮೇಜಿನ ಆಚೆ ಬದಿಯಲ್ಲಿ, ಅವಳ ಮುಖಕ್ಕೆ ಎದುರಾಗಿ ಹದಿನಾರು ವರ್ಷದಿಂದ ಕೂತಿರುವ ಹೆಂಗಸು. ಕಚೇರಿಗೆಲ್ಲ ಅವರು ಓದಕ್ಕನೇ. ಕೆಲಸದ ರೀತಿ ಹೀಗೆ: ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಕರಡಿನ ಮೇಲೆ ಕೆಂಪು ಪೆನ್ನು ಹಿಡಿದು ಸಾಲು ಸಾಲು ಹೋಲಿಸಿಕೊಂಡು ಹೋಗಬೇಕು. ಓದುವವರು ಅಕ್ಷರ ಮಾತ್ರವಲ್ಲ, ಚಿಹ್ನೆಗಳನ್ನೂ ಬಿಡುವ ಹಾಗಿಲ್ಲ. ಅಲ್ಪವಿರಾಮಕ್ಕೆ ‘ಅಲ್ಪ’, ಪೂರ್ಣವಿರಾಮಕ್ಕೆ ‘ಪೂರ್ಣ’, ಪ್ರಶ್ನಾರ್ಥಕಕ್ಕೆ ‘ಪ್ರಶ್ನೆ’. ಏರಿಳಿತ ಇಲ್ಲದೆ, ಸಿಟ್ಟು ನಗು ಯಾವುದೂ ಬೆರೆಯದ ಹಾಗೆ ಓದಬೇಕು, ಇಲ್ಲದಿದ್ದರೆ ಕೇಳುವವರ ಗಮನ ಅರ್ಥದ ಹಿಂದೆ ಹೋಗಿ ತಪ್ಪುಗಳು ನುಸುಳಿಕೊಳ್ಳುತ್ತವೆ. ಪೆನ್ನನ್ನು ಓದುವವರು ಮುಟ್ಟುವ ಹಾಗಿಲ್ಲ, ಪೆನ್ನು ತಿದ್ದುವವಳದು. ತಪ್ಪೆಂದು ಹೊಡೆದುಹಾಕಿದ್ದು ಸರಿಯೇ ಇತ್ತು ಎಂದು ಆಮೇಲೆ ಗೊತ್ತಾದರೆ, ಹೊಡೆದ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆಯಬೇಕು. ಬರೆದರೆ ಆ ಪದ ಮತ್ತೆ ಜೀವ ಪಡೆಯುತ್ತದೆ. “ಹೊಡೆಯೋಳೂ ನೀನೇ, ಇರಲಿ ಅನ್ನೋಳೂ ನೀನೇ, ಒಳ್ಳೇ ದೊಡ್ಡ ಮನುಷ್ಯಳು ಕಣೇ” ಎಂದು ಓದಕ್ಕ ಹಿಂದೆಲ್ಲ ರೇಗಿಸುತ್ತಿದ್ದರು. ಹಿಂದೆಲ್ಲ ಅಂದರೆ ಏಳು ತಿಂಗಳಿಗೆ ಹಿಂದೆ. ಮಧ್ಯಾಹ್ನ ಇಬ್ಬರ ಡಬ್ಬಿಗಳೂ ಒಂದೇ ಕಾಗದದ ಮೇಲೆ ತೆರೆದುಕೊಳ್ಳುತ್ತಿದ್ದ ಕಾಲ ಅದು.

ಆ ಗುಂಪಿನ ಫೋಟೋ ಬಂದ ದಿನ ಎಲ್ಲರೂ ಸಂಪಾದಕರ ಮೇಜಿನ ಸುತ್ತ ನಿಂತಿದ್ದರು. ಓದಕ್ಕ ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, “ಅಯ್ಯೋ, ನಿನ್ನ ಮುಖ ನೋಡೇ, ಸಾವಾದ ಮನೆ ಇದ್ದ ಹಾಗಿದೆ!” ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಆ ವರ್ಷ ಮೈಯಲ್ಲಿ ಹುಷಾರಿಲ್ಲದೆ ಕೆನ್ನೆ ಒಳಗೆ ಹೋಗಿತ್ತು, ಕಂಡವರೆಲ್ಲ “ಹುಷಾರಾಗಿದ್ದೀರಾ?” ಎಂದು ಕೇಳುತ್ತಿದ್ದರು, ಅದನ್ನೆಲ್ಲ ಅವಳು ತಡೆದುಕೊಂಡಿದ್ದಳು. ಆದರೆ ದಿನಕ್ಕೆ ಆರು ಗಂಟೆ ಅದೇ ಮುಖವನ್ನು ಎದುರಿಗಿಟ್ಟುಕೊಂಡು ಕೂರುವ ಓದಕ್ಕನ ಬಾಯಲ್ಲಿ ಬಂದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಮುಂದಿನ ತಿಂಗಳೇ ರಜೆ ಹಾಕಿದಳು. ಚಿಕ್ಕಮ್ಮನಿಗೆ ಆಪರೇಷನ್, ನೋಡಿಕೊಳ್ಳಲು ಯಾರೂ ಇಲ್ಲ ಎಂದು ಸುಳ್ಳು ಹೇಳಿದಳು. ಚಿಕ್ಕಮ್ಮ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದರು, ಈಗಲೂ ಇದ್ದಾರೆ. ಮೂರು ವಾರ ಬಿಟ್ಟು ವಾಪಸು ಬಂದ ದಿನ ಓದಕ್ಕ ಕಾಗದದ ಪೊಟ್ಟಣವೊಂದನ್ನು ಮುಂದೆ ತಳ್ಳಿ, “ನಿನ್ನ ಚಿಕ್ಕಮ್ಮನಿಗೆ, ನಾನೇ ಹೆಣೆದೆ, ಆಪರೇಷನ್ ಆದವರಿಗೆ ಚಳಿ ಜಾಸ್ತಿ” ಎಂದರು. ಬೂದು ಬಣ್ಣದ ಉಣ್ಣೆಯ ಮಫ್ಲರು. ಹಾಗೆ ಹೇಳುತ್ತಲೇ ಅವರು ತಲೆ ಎತ್ತಿ ಅವಳ ಮುಖ ನೋಡಿದರು. ಒಂದೇ ಸಲ ನೋಡಿದ್ದು. ಅವರ ಬಾಯಿ ಅರ್ಧಕ್ಕೆ ನಿಂತಿತು, ಕಣ್ಣು ಕೆಳಗಿಳಿಯಿತು, ಹಸ್ತಪ್ರತಿ ತೆಗೆದು ಓದಲು ಶುರುಮಾಡಿದರು. ಅವತ್ತಿನಿಂದ ಡಬ್ಬಿಗಳು ಬೇರೆಯಾದವು, ಮಾತು ಅಲ್ಪ ಪೂರ್ಣಗಳಲ್ಲಿ ನಿಂತುಹೋಯಿತು. ಮಫ್ಲರು ಮೇಜಿನ ಡ್ರಾಯರಿನ ತಳದಲ್ಲಿ, ಹಳೆಯ ರಬ್ಬರುಗಳ ಕೆಳಗೆ ಇತ್ತು. ಡ್ರಾಯರು ತೆಗೆದಾಗಲೆಲ್ಲ ಅವಳು ಅದನ್ನು ನೋಡದೆ ರಬ್ಬರು ಹುಡುಕುವುದನ್ನು ಕಲಿತಿದ್ದಳು.

ಗೊತ್ತಾಗಿದೆ, ಅದರಲ್ಲಿ ಅನುಮಾನವೇ ಇಲ್ಲ, ಎಂಬುದು ಅವಳ ಅನುಮಾನ. ಓದಕ್ಕನಿಗೆ ಮೊದಲ ದಿನವೇ ಗೊತ್ತಾಗಿದೆ, ಗೊತ್ತಾಗಿ ಹೇಸಿಗೆಯಾಗಿದೆ, ಇಲ್ಲವೇ ಒಳಗೊಳಗೇ ನಗು ಬರುತ್ತಿದೆ. ಕಿಟಕಿ ಮೇಜಿನವರಿಗೆ ಹೇಳಿದ್ದಾರೆ, ಅವರು ಸಂಪಾದಕರಿಗೆ ಹೇಳಿದ್ದಾರೆ. ಇಲ್ಲದಿದ್ದರೆ ಹನ್ನೊಂದು ಪುಟದ ಮುಖ ಇಲ್ಲಿಗೇ ಯಾಕೆ ಬರುತ್ತಿತ್ತು? ಹನ್ನೊಂದು ಗಂಟೆಗೆ ಸಂಪಾದಕರು ಮತ್ತೆ ಬಂದು, ಈ ಸಲ ಅವಳ ತಲೆಯ ಮೇಲಿನ ಗಡಿಯಾರವನ್ನು ನೋಡುತ್ತಾ, “ಸೋಮವಾರದಿಂದ ಓದಕ್ಕ ಕಿಟಕಿ ಮೇಜಿಗೆ ಹೋಗ್ತಾರೆ. ನಿಮಗೆ ಹೊಸಬರನ್ನ ಕೊಡ್ತೀನಿ” ಎಂದರು. ಯಾಕಂತೆ ಎಂದು ಕೇಳಿದಳು. “ಅವರೇ ಕೇಳಿದ್ದು. ಬೆಳಕು ಸಾಲದಂತೆ. ಕಣ್ಣು ಮಂಜಂತೆ.” ಹದಿನಾರು ವರ್ಷ ಸಾಲುತ್ತಿದ್ದ ಬೆಳಕು ಈಗ ಸಾಲದಾಯಿತು. ಬೆಳಕಿಗೆ ಅಡ್ಡ ಬಂದಿರುವುದು ಯಾವುದು ಎಂದು ಅವಳಿಗೆ ಗೊತ್ತಿಲ್ಲವೇ? ಓದಕ್ಕ ಆಗ ಅಲ್ಲಿರಲಿಲ್ಲ, ಹಸ್ತಪ್ರತಿಯ ಚೀಟಿಗಳನ್ನು ತರಲು ಕೆಳಗೆ ಹೋಗಿದ್ದರು. ಅವರ ಕುರ್ಚಿಯ ಮೇಲಿನ ದಿಂಬು ಅವರು ಕೂತ ಆಕಾರದಲ್ಲೇ ತಗ್ಗಾಗಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆ ಸಿಟ್ಟಿನಲ್ಲಿ ಅವಳು ಮಾಡಬಾರದ್ದೊಂದನ್ನು ಮಾಡಿದಳು. ಓದುವುದಕ್ಕೆ ಮುಂಚೆ ಕರಡಿನ ಮೇಲೆ ಒಮ್ಮೆ ಸುಮ್ಮನೆ ಕಣ್ಣಾಡಿಸುವುದು ಅವಳ ಅಭ್ಯಾಸ. ‘ಮುಖ ಊದಿಸು’ ಎಂಬಲ್ಲಿಗೆ ಬಂದಳು. ಅರ್ಥ ಸರಿಯಾಗಿತ್ತು. ಅದರ ಕೆಳಗೆ ಉದಾಹರಣೆಯ ವಾಕ್ಯ: ಹೇಳದೆ ಮುಖ ಊದಿಸಿಕೊಂಡರೆ ಎದುರಿಗಿರುವವರು ಏನೆಂದು ತಿಳಿಯಬೇಕು? ಉದಾಹರಣೆಗಳನ್ನು ಯಾರು ಬೇಕಾದರೂ ಚೀಟಿಯಲ್ಲಿ ಬರೆದು ಕೊಡಬಹುದಿತ್ತು, ಬರೆದವರ ಗುರುತು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಇಲ್ಲಿದ್ದದ್ದು ‘ಓ’. ಎದುರಿಗಿರುವವರು! ಇವಳ ಎದುರಿಗಿರುವವರು ಯಾರು ಎಂದು ಇಡೀ ಕಚೇರಿಗೆ ಗೊತ್ತು. ಅಂದರೆ ಇದು ನಿಘಂಟಿನಲ್ಲಿ ಅಚ್ಚಾಗಿ, ರಟ್ಟು ಹಾಕಿಸಿಕೊಂಡು, ಊರಿನ ಲೈಬ್ರರಿಗಳಲ್ಲೆಲ್ಲ ಕೂರುತ್ತದೆ. ತಿದ್ದುವವಳ ಕೆಲಸ ತಪ್ಪು ತಿದ್ದುವುದು. ಉದಾಹರಣೆಯನ್ನು ತೆಗೆಯುವ ಅಧಿಕಾರ ಅವಳಿಗಿಲ್ಲ, ಹದಿನಾರು ವರ್ಷದಲ್ಲಿ ಒಂದು ದಿನವೂ ತೆಗೆದವಳಲ್ಲ. ಕೆಂಪು ಪೆನ್ನು ಒತ್ತಿ ಇಡೀ ವಾಕ್ಯವನ್ನು ಹೊಡೆದುಹಾಕಿದಳು. ಗೆರೆ ಎಷ್ಟು ಜೋರಾಗಿ ಬಿತ್ತೆಂದರೆ ಕೆಳಗಿನ ಪುಟದ ‘ಮುಖಭಂಗ’ದ ಮೇಲೂ ಗಾಯದ ಗುರುತು ಮೂಡಿತ್ತು.

ಊಟವಾದ ಮೇಲೆ ಓದು ಶುರುವಾಯಿತು. ಓದಕ್ಕ ಚೀಟಿಗಳನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡರು. ನಿಜವಾಗಿಯೂ ಹತ್ತಿರ ಹಿಡಿದಿದ್ದಾರೆ ಎಂದು ಅವಳು ಗಮನಿಸಿ, ನಾಟಕ ಇರಬಹುದು ಅಂದುಕೊಂಡಳು. ಮುಕ್ಕಳಿಸು ಆಯಿತು, ಮುಕ್ತಾಯ ಆಯಿತು. ‘ಮುಖ’ ಎನ್ನುವಾಗ ಓದಕ್ಕನ ದನಿ ಒಂದು ಚೂರು ತಡೆಯಿತೋ ಇಲ್ಲವೋ! ಪೆನ್ನಿನ ತುದಿ ಸಾಲಿನಿಂದ ಸಾಲಿಗೆ ಇಳಿಯುತ್ತಾ ಹೋಯಿತು. “ಮುಖ ಊದಿಸು ಕ್ರಿಯಾಪದ ಪೂರ್ಣ ಬೇಸರವನ್ನು ಬಾಯಲ್ಲಿ ಹೇಳದೆ ಮುಖದಲ್ಲಿ ತೋರಿಸು ಪೂರ್ಣ ಉದಾಹರಣೆ ಹೇಳದೆ ಮುಖ ಊದಿಸಿಕೊಂಡರೆ ಎದುರಿಗಿರುವವರು ಏನೆಂದು ತಿಳಿಯಬೇಕು ಪ್ರಶ್ನೆ” ಎಂದು ಅದೇ ಚಪ್ಪಟೆ ದನಿಯಲ್ಲಿ ಓದಿದರು. ಹೊಡೆದ ಗೆರೆಯ ಮೇಲೆ ಪೆನ್ನು ನಿಂತಿತ್ತು. ಅವಳು ತಲೆ ಎತ್ತಲಿಲ್ಲ. ಓದಕ್ಕನೂ ಚೀಟಿ ಇಳಿಸಲಿಲ್ಲ. “ತಿಂಗಳು ಏಳಾಯಿತು ಪೂರ್ಣ ಬಾಯಿ ತಪ್ಪಿ ಆಡಿದ ಒಂದು ಮಾತಿಗೆ ಅಲ್ಪ ಇಷ್ಟು ದಿನ” ಎಂದು ದನಿ ಮುಂದುವರಿಯಿತು. ಕರಡಿನಲ್ಲಿ ಆ ಸಾಲು ಇರಲಿಲ್ಲ. ಹದಿನಾರು ವರ್ಷದ ಅಭ್ಯಾಸ. ಅಚ್ಚು ಜೋಡಿಸುವವನು ಸಾಲು ನುಂಗಿದ್ದಾನೆ ಎಂದು ಅವಳ ಕೈ ತಾನೇ ತಾನಾಗಿ ಸಾಲಿನ ನಡುವೆ ‘ಬಿಟ್ಟುಹೋಗಿದೆ’ ಎಂಬ ಗುರುತು ಹಾಕಿ, ಅಂಚಿಗೆ ಹೋಗಿ, ‘ತಿಂಗಳು ಏಳಾಯಿತು. ಬಾಯಿ ತಪ್ಪಿ ಆಡಿದ ಒಂದು ಮಾತಿಗೆ, ಇಷ್ಟು ದಿನ’ ಎಂದು ದುಂಡಗೆ ಬರೆಯುತ್ತಿತ್ತು. “ಮುಖ ಊದಿಸಿಕೊಂಡು ಕೂರಬೇಕೇ ಪ್ರಶ್ನೆ ತಪ್ಪಾಯಿತು ಎನ್ನಲು ಎಷ್ಟು ಸಲ ಬಾಯಿ ತೆರೆದೆ ಅಲ್ಪ ನಿನ್ನ ಮುಖ ನೋಡಿ ಮುಚ್ಚಿಕೊಂಡೆ ಪೂರ್ಣ.”

ಕೈ ‘ಕೂರಬೇಕೇ’ ಎಂಬಲ್ಲಿ ನಿಂತಿತು. ಅರ್ಥವಾಗಲು ಸ್ವಲ್ಪ ಹೊತ್ತೇ ಬೇಕಾಯಿತು, ಅರ್ಥವನ್ನು ಹೊರಗಿಟ್ಟು ಕೇಳುವುದು ಕಲಿತ ಕಿವಿ ಅದು. “ಅಕ್ಕಾ, ಇದು ಕರಡಿನಲ್ಲಿಲ್ಲ” ಎಂದಳು.

“ಹಸ್ತಪ್ರತಿಯಲ್ಲೂ ಇಲ್ಲ” ಎಂದರು ಓದಕ್ಕ. “ಇನ್ನು ಹೇಗೆ ಹೇಳಲಿ ನಿನಗೆ? ಸೋಮವಾರದಿಂದ ನಿನ್ನ ಕಣ್ಣೆದುರಿಗೆ ಇರಲ್ಲ, ಆಯ್ತಲ್ಲ? ಸಾವಿನ ಮನೆ ಅಂದ್ಬಿಟ್ಟೆ. ಹಾಳು ಬಾಯಿ. ಅವತ್ತು ನೀನು ನಗ್ತಾ ಇದ್ದೆ, ನಾನು ನಂಬಿದೆ. ರಜೆ ಮುಗಿಸಿಕೊಂಡು ಬಂದವಳು ಮುಖ ಇಷ್ಟು ದಪ್ಪ ಮಾಡ್ಕೊಂಡು ಕೂತೆ. ಏಳು ತಿಂಗಳು ಕಣೇ! ಒಬ್ಬರ ಮೇಲೆ ಏಳು ತಿಂಗಳು ಯಾರಾದ್ರೂ ಮುನಿಸಿಕೊಳ್ತಾರಾ?”

ಓದಕ್ಕನಿಗೆ ಕೆನ್ನೆಯ ವಿಷಯ ಗೊತ್ತೇ ಇರಲಿಲ್ಲ. ಏಳು ತಿಂಗಳು ಅವಳು ಇವರನ್ನು ಅನುಮಾನದ ಕಣ್ಣಲ್ಲಿ ನೋಡುತ್ತಿದ್ದಾಗ, ಈ ಮಂಜುಗಣ್ಣಿನ ಹೆಂಗಸು ಎದುರಿಗಿದ್ದ ಊದಿದ ಮುಖವನ್ನು ಮಾತಿನ ಅರ್ಥದಲ್ಲೇ ಓದಿಕೊಂಡು ಒಳಗೊಳಗೇ ಬೇಯುತ್ತಿದ್ದರು. ಹಾಗಾದರೆ ಕಾವಲುಗಾರ ಹೇಳಿದ್ದು ಕಾರ್ಡಿನ ಅಂಚನ್ನೇ? ಆ ಯೋಚನೆಯಿಂದ ನೆಮ್ಮದಿಯಾಗುವ ಬದಲು ಭಯವಾಯಿತು. ಸುಳ್ಳನ್ನು ಇನ್ನೂ ಉಳಿಸಿಕೊಳ್ಳಬಹುದಿತ್ತು. ಹೂಂ ಅಕ್ಕ, ಸಿಟ್ಟಿತ್ತು, ಈಗ ಹೋಯಿತು ಎಂದರೆ ಮುಗಿಯುತ್ತಿತ್ತು. ಬಾಯಿ ಬೇರೆಯದನ್ನೇ ಹೇಳಿತು.

“ಕೋಪ ಅಲ್ಲಕ್ಕಾ ಇದು. ಕೊಬ್ಬು.”

“ಅದು ಗೊತ್ತು ಬಿಡು. ಕೊಬ್ಬಿಲ್ಲದೆ ಇಷ್ಟು ದಿನ ಹೀಗೆ ಕೂರೋಕೆ ಯಾರಿಗಾಗುತ್ತೆ?”

“ಆ ಕೊಬ್ಬಲ್ಲ. ತೊಡೆ ಕೊಬ್ಬು. ತೊಡೆಯಿಂದ ತೆಗೆಸಿ ಕೆನ್ನೆಗೆ ಹಾಕಿಸಿಕೊಂಡೆ. ನೀವು ಹಾಗಂದ್ರಲ್ಲ, ಆಮೇಲೆ. ಜಾಸ್ತಿ ಆಗಿಹೋಯ್ತು. ಕರಗಲಿಲ್ಲ.”

ಓದಕ್ಕ ಚೀಟಿ ಕೆಳಗಿಟ್ಟರು. ಮೇಜಿನ ಮೇಲೆ ಬಗ್ಗಿ, ಫೋಟೋ ನೋಡುವ ಹಾಗೆ ಮೂಗು ತಾಗುವಷ್ಟು ಹತ್ತಿರ ಬಂದು ಅವಳ ಮುಖ ನೋಡಿದರು. ಎಡಗೆನ್ನೆ ನೋಡಿದರು, ಬಲಗೆನ್ನೆ ನೋಡಿದರು. ನಗುತ್ತಾರೆ ಎಂದು ಅವಳು ಹಲ್ಲು ಕಚ್ಚಿಕೊಂಡು ಕಾದಳು. “ನೋವಾಯ್ತೇನೇ?” ಎಂದರು. ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ಗಂಡನೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ತಲೆ ಆಡಿಸಿದಳು, ಕಣ್ಣಲ್ಲಿ ನೀರು ಬಂತು, ಕೆನ್ನೆಯ ಬದುವಿನ ಮೇಲೆ ಅದು ನಿಂತುಕೊಂಡಿತು. ಓದಕ್ಕ ನಿಧಾನವಾಗಿ ಹಿಂದಕ್ಕೆ ಸರಿದರು. ಏನೋ ಜೋಡಿಸಿಕೊಳ್ಳುತ್ತಿರುವುದು ಅವರ ಹಣೆಯಲ್ಲಿ ಕಾಣುತ್ತಿತ್ತು.

“ಹಾಗಾದ್ರೆ ಚಿಕ್ಕಮ್ಮ?”

“ಚೆನ್ನಾಗಿದಾರೆ.”

“ಆಪರೇಷನ್?”

“ನನಗೇ ಆಗಿದ್ದು, ಅಕ್ಕ.”

“ಮಫ್ಲರು?”

ಅವಳು ಡ್ರಾಯರು ಎಳೆದಳು. ರಬ್ಬರುಗಳನ್ನು ಸರಿಸಿದಳು. ಮಡಿಕೆ ಕೂಡ ಬಿಚ್ಚಿರದ ಮಫ್ಲರಿನ ಮೇಲೆ ರಬ್ಬರಿನ ಪುಡಿ ಕೂತಿತ್ತು. ಓದಕ್ಕ ಅದನ್ನು ಎರಡು ಸಲ ಕೊಡವಿ, ತಮ್ಮ ಚೀಲಕ್ಕೆ ಹಾಕಿಕೊಂಡು, ಚೀಟಿಗಳನ್ನು ಸರಿಮಾಡಿಕೊಂಡರು. ಅಷ್ಟರಲ್ಲಿ ಅವರ ಮುಖ ಊದಿತು. ಯಾವ ಡಾಕ್ಟರ ಕೈಯೂ ಬೇಕಾಗದೆ, ಕೆನ್ನೆ, ತುಟಿ, ಮೂಗಿನ ತುದಿ ಸಮೇತ ಚೆನ್ನಾಗಿಯೇ ಊದಿತು. “ಮುಖ ಕೆಡಿಸು ಕ್ರಿಯಾಪದ ಪೂರ್ಣ” ಎಂದು ಶುರುಮಾಡಿ, ಮುಖವಾಡದ ತನಕ ಒಂದು ಪದ ಹೆಚ್ಚಿಲ್ಲದೆ ಒಂದು ಪದ ಕಡಿಮೆಯಿಲ್ಲದೆ ಓದಿ ಮುಗಿಸಿದರು. ಅವಳು ಏಳು ತಪ್ಪು ಹುಡುಕಿದಳು, ಎಷ್ಟು ಬಿಟ್ಟಳೋ ಗೊತ್ತಿಲ್ಲ. ಐದು ಗಂಟೆಗೆ ಓದಕ್ಕ ಎದ್ದಾಗ ಧೈರ್ಯ ಮಾಡಿ ಕೇಳಿದಳು: ನಾಳೆ ಬೆಳಿಗ್ಗೆ ತೆಗೆಸಿಕೊಳ್ಳೋದಕ್ಕೆ ಹೋಗ್ತಾ ಇದೀನಿ, ಜೊತೆಗೆ ಒಬ್ಬರು ಬರಬೇಕಂತೆ, ಇಲ್ಲದಿದ್ರೆ ಮುಟ್ಟಲ್ಲವಂತೆ, ಯಾರೂ ಇಲ್ಲ ನನಗೆ. ಕ್ಲಿನಿಕ್ಕಿನ ಬೀದಿಯನ್ನೂ ಹೊತ್ತನ್ನೂ ಗೋಡೆಗೆ ಹೇಳಿದಂತೆ ಹೇಳಿದಳು.

“ಚಿಕ್ಕಮ್ಮನ್ನ ಕರ್ಕೊಂಡು ಹೋಗು” ಎಂದು ಓದಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಅವಳು ಒಬ್ಬಳೇ ಉಳಿದು ಕರಡನ್ನು ಮತ್ತೆ ತೆಗೆದಳು. ಹೊಡೆದ ವಾಕ್ಯದ ಕೆಳಗೆ ಒಂದೊಂದೇ ಚುಕ್ಕಿ ಇಟ್ಟಳು, ಒಟ್ಟು ಇಪ್ಪತ್ತಾರು ಚುಕ್ಕಿ. ಅಂಚಿನಲ್ಲಿ ‘ಇರಲಿ’ ಎಂದು ಬರೆದಳು. ತಿಂಗಳು ಏಳಾಯಿತು ಎಂದು ತಾನೇ ಬರೆದದ್ದನ್ನು ಹೊಡೆಯಬೇಕಿತ್ತು. ಹೊಡೆಯಲು ಮನಸ್ಸು ಬರಲಿಲ್ಲ, ಆ ಪುಟವನ್ನು ಕಟ್ಟಿನ ಕೆಳಗಿಟ್ಟು ದೀಪ ಆರಿಸಿದಳು.

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಬೆಳಿಗ್ಗೆ ಆರು ಕುರ್ಚಿಗಳಿದ್ದವು, ಒಂದು ಮೀನಿನ ತೊಟ್ಟಿ ಇತ್ತು, ಮೀನು ಇರಲಿಲ್ಲ. ಮೀನು ಎಲ್ಲಿ ಹೋಯಿತು ಎಂದು ಅವಳಿಗೆ ಅನುಮಾನವಾಯಿತು. ಒಂದು ಮೀನನ್ನು ಉಳಿಸಿಕೊಳ್ಳಲಾರದವರು ಮುಖವನ್ನೇನು ಉಳಿಸುತ್ತಾರೆ? ಗೋಡೆಯ ಮೇಲಿನ ನಗುವ ಹೆಂಗಸಿನ ಚಿತ್ರದಲ್ಲಿ ಕೆನ್ನೆ ಎರಡೂ ಒಂದೇ ಸಮ ಇಲ್ಲವೆಂದು ಕಂಡಿತು. ನರ್ಸು ಫಾರಂ ತಂದು, “ಜೊತೆಗೆ ಯಾರು?” ಎಂದಳು. ಬರ್ತಾ ಇದಾರೆ ಎಂದಳು ಇವಳು. ಎರಡನೆಯ ಸಲ ಕೇಳಿದಾಗಲೂ ಬರ್ತಾ ಇದಾರೆ ಎಂದಳು. ಮೂರನೆಯ ಸಲ ನರ್ಸು ಕೇಳಲಿಲ್ಲ, ಗಡಿಯಾರ ನೋಡಿದಳು. ಹೇಳಿದ ಹೊತ್ತು ದಾಟಿತ್ತು. ಇನ್ನು ಈ ಮುಖವನ್ನು ಹೊತ್ತುಕೊಂಡು ವಾಪಸು ಹೋಗಬೇಕು, ಸೋಮವಾರ ಹೊಸಬರ ಎದುರು ಕೂರಬೇಕು, ಅವರು ಈ ಮುಖವನ್ನೇ ಇವಳ ಮುಖ ಎಂದುಕೊಳ್ಳುತ್ತಾರೆ, ಎಂದು ಅವಳು ಕೈಚೀಲ ತೆಗೆದುಕೊಂಡು ಎದ್ದಳು. ಆಗ ಬಾಗಿಲು ತಳ್ಳಿಕೊಂಡು ಓದಕ್ಕ ಬಂದರು. ಕುತ್ತಿಗೆಗೆ ಬೂದು ಮಫ್ಲರು ಸುತ್ತಿಕೊಂಡಿದ್ದರು. ಅವಳ ಕಡೆ ನೋಡಲಿಲ್ಲ, ನಡುವೆ ಒಂದು ಕುರ್ಚಿ ಬಿಟ್ಟು ಕೂತರು. “ಬಂದಿದೀನಿ ಅಷ್ಟೆ. ಮಾತಾಡಿಸಬೇಡ” ಎಂದರು.

ಫಾರಂನಲ್ಲಿ ಜೊತೆಗೆ ಬಂದವರ ಹೆಸರಿಗೆ ಒಂದು ಗೆರೆ, ಪಕ್ಕದಲ್ಲಿ ‘ಸಂಬಂಧ’ ಎಂದು ಇನ್ನೊಂದು ಗೆರೆ ಇತ್ತು. ಅವಳು ‘ಅಕ್ಕ’ ಎಂದು ಬರೆದಳು. ಬರೆದ ಮೇಲೆ ಪಕ್ಕದ ಪಕ್ಕದ ಕುರ್ಚಿಯ ಕಡೆ ಕಳ್ಳಗಣ್ಣು ಹಾಯಿಸಿದಳು. ಮುಖ ಊದಿಯೇ ಇತ್ತು. ಚಿಕ್ಕಮ್ಮನ ಹೆಸರಲ್ಲಿ ಸುಳ್ಳು ಹೇಳಿದವಳು ಈಗ ಅಕ್ಕನ ಹೆಸರಲ್ಲೂ ಶುರುಮಾಡಿದಳು ಅಂದುಕೊಂಡರೆ? ಬೇಡ ಎಂದು ‘ಅಕ್ಕ’ವನ್ನು ಹೊಡೆದು ‘ಪರಿಚಯದವರು’ ಎಂದು ಬರೆದು, ಸಹಿಗೆಂದು ಫಾರಂ ಚಾಚಿದಳು. ಓದಕ್ಕ ಫಾರಂ ತೆಗೆದುಕೊಂಡು ಮೂಗಿಗೆ ಹತ್ತಿರ ಹಿಡಿದರು. ಬಹಳ ಹೊತ್ತು ಹಿಡಿದರು. ಆಮೇಲೆ ಕೈ ನೀಡಿದರು. ಏನು ಕೇಳುತ್ತಿದ್ದಾರೆ ಎಂದು ಅವಳಿಗೆ ತಕ್ಷಣ ಹೊಳೆಯಲಿಲ್ಲ, ಹದಿನಾರು ವರ್ಷದಲ್ಲಿ ಆ ಕೈ ಪೆನ್ನು ಕೇಳಿದ್ದೇ ಇಲ್ಲ. ಕೊಟ್ಟಳು. ಓದಕ್ಕ ಫಾರಂ ಅನ್ನು ತೊಡೆಯ ಮೇಲಿಟ್ಟುಕೊಂಡು, ‘ಪರಿಚಯದವರು’ ಎಂಬುದನ್ನು ಒಂದೇ ಗೆರೆಗೆ ಹೊಡೆದು, ಹೊಡೆದಿದ್ದ ‘ಅಕ್ಕ’ದ ಕೆಳಗೆ ಅಡ್ಡಾದಿಡ್ಡಿಯಾಗಿ ಮೂರು ಚುಕ್ಕಿ ಇಟ್ಟು, ಅಂಚಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಬರೆದರು. ಸಹಿ ಹಾಕಿ ನರ್ಸಿಗೆ ಕೊಟ್ಟರು.

ನರ್ಸು ಅದನ್ನು ಆ ಕಡೆ ಈ ಕಡೆ ತಿರುಗಿಸಿ, “ಏನಮ್ಮಾ ಇದು? ಹೊಡೆದಿದ್ದೀರೋ, ಇಟ್ಟಿದ್ದೀರೋ?” ಎಂದು ಕೇಳಿದಳು.

“ಓದೋಕೆ ಬರುತ್ತಲ್ಲ ನಿಮಗೆ? ‘ಇರಲಿ’ ಅಂತ ಬರೆದಿದೀನಿ” ಎಂದರು ಓದಕ್ಕ. ಎಂದು, ನಡುವಿನ ಕುರ್ಚಿಗೆ ಸರಿದು ಕೂತು, ಮತ್ತೆ ಮುಖ ಊದಿಸಿಕೊಂಡು ಗೋಡೆಯ ಕಡೆ ತಿರುಗಿಕೊಂಡರು.